ಅಜ್ಮತ್ ಭಾಯ್ ಟ್ರಂಕಿನಲ್ಲಿ ಇಪ್ಪತ್ತೆರಡು ಡ್ರೋನ್‌ಗಳ ಜೀವ

ಬೆಳಗಿನ ಐದೂವರೆ. ಗುಂಡ್ಲುಪೇಟೆಯ ಈ ಬೀದಿಯಲ್ಲಿ ಟೀ ಅಂಗಡಿ ಬಿಟ್ಟರೆ ಬಾಗಿಲು ತೆರೆದಿರುವುದು ಅಜ್ಮತ್ ಉಲ್ಲಾ ಅವರ ರಿಪೇರಿ ಅಂಗಡಿ ಒಂದೇ. ಐವತ್ತೆಂಟರ ಅಜ್ಮತ್ ಕಬ್ಬಿಣದ ಟ್ರಂಕೊಂದನ್ನು ಹೊಸಿಲ ಹತ್ತಿರ ಎಳೆದುಕೊಂಡು, ತಳದ ಮರಳನ್ನು ಅಂಗೈಯಿಂದ ಸಮ ಮಾಡುತ್ತಿದ್ದಾರೆ. ಬೈಕಿನಲ್ಲಿ ಒಬ್ಬೊಬ್ಬರಾಗಿ ಬರುವವರು ತಮ್ಮ ಡ್ರೋನಿನ ಬ್ಯಾಟರಿ ಒಪ್ಪಿಸಿ, ಹೆಸರಿನ ಚೀಟಿ ಅಂಟಿಸಿ, ಟೀ ಕುಡಿದು ಹೋಗುತ್ತಾರೆ. ಬ್ಯಾಟರಿ ಅಪ್ಪಿತಪ್ಪಿ ಹೊತ್ತಿಕೊಂಡರೆ ಮರಳು ನುಂಗಲಿ ಎಂದು ಈ ಏರ್ಪಾಟು.

ಇವತ್ತು ಏಳು ಗಂಟೆಗೆ ಹೆಲಿಕಾಪ್ಟರ್ ಬರುತ್ತದೆ. ಇದೇ ತಾಲ್ಲೂಕಿನ ಮದ್ದೂರು ಕಡೆಯ ಕಾಡಿಗೆ ಬೆಂಕಿ ಬಿದ್ದು ಎರಡು ದಿನ. ಊರಾಚೆಯ ಕೆರೆಯಲ್ಲಿ ದೊಡ್ಡ ಬಕೆಟ್ ಅದ್ದಿ, ನೀರೊಯ್ದು ಬೆಂಕಿಯ ಮೇಲೆ ಸುರಿಯಬೇಕು. ಆ ಹೊತ್ತಿನಲ್ಲಿ ಕೆರೆಯ ಮೇಲೆ ಒಂದೇ ಒಂದು ಡ್ರೋನ್ ಕಂಡರೂ ಹೆಲಿಕಾಪ್ಟರ್ ಖಾಲಿ ಬಕೆಟ್ಟಿನೊಂದಿಗೆ ವಾಪಸ್. ಕಾಡಂಚಿನಲ್ಲಿ ಅನುಮತಿಯಿಲ್ಲದೆ ಹಾರಿಸಬಾರದೆಂಬ ನಿಯಮವೇನೋ ಇದೆ. ನಿಯಮಕ್ಕೆ ಹೆದರಿ ಮದುವೆ ವಿಡಿಯೊ ನಿಲ್ಲಿಸಿದ ಊರು ಯಾವುದಿದೆ ಹೇಳಿ! ಅದಕ್ಕೇ ಅಜ್ಮತ್ ಬ್ಯಾಟರಿಯನ್ನೇ ಇಸಿದುಕೊಳ್ಳುತ್ತಾರೆ. ಅವರ ಲೆಕ್ಕದಲ್ಲಿ ಪಟ್ಟಣದಲ್ಲಿರುವುದು ಇಪ್ಪತ್ತೆರಡು ಡ್ರೋನ್. ಅಷ್ಟೂ ಅವರ ಕೈಯಲ್ಲಿ ಒಮ್ಮೆಯಾದರೂ ರಿಪೇರಿಯಾದವು. ಚಾಮರಾಜನಗರದಿಂದ ಶೂಟಿಂಗಿಗೆ ಬರುವವರೂ ಮೊದಲು ಇಲ್ಲಿಗೆ ಫೋನ್ ಮಾಡಿ ಕೇಳುತ್ತಾರೆ.

ರೇಡಿಯೊ, ಮಿಕ್ಸಿ, ಮೊಬೈಲು ಎಲ್ಲ ದಾಟಿ ಡ್ರೋನಿಗೆ ಬಂದವರು ಅಜ್ಮತ್. ಓದಿದ್ದು ಏಳನೇ ಕ್ಲಾಸು. ಎಡಗಣ್ಣು ಮಂಜಾಗಿದೆ. ಸಣ್ಣ ತಂತಿಯ ಬೆಸುಗೆ ಇದ್ದರೆ ಹೆಂಡತಿ ಚಾಂದ್ ಬಿ ಪಕ್ಕದಲ್ಲಿ ಕೂತು ಟಾರ್ಚ್ ಹಿಡಿಯುತ್ತಾರೆ. ಇಷ್ಟೇ ಎತ್ತರ ಹಾರಬೇಕೆಂದು ಕಂಪನಿಯವರು ಡ್ರೋನಿಗೆ ಒಂದು ಮಿತಿ ಹಾಕಿರುತ್ತಾರೆ. ಇವರ ಬಾಯಲ್ಲಿ ಅದು ‘ಬೀಗ’. ಹಿಂದೆ ಗಿರಾಕಿ ಕೇಳಿದರೆ ಬೀಗ ಬಿಚ್ಚಿ ಕೊಡುತ್ತಿದ್ದರು. ಈಗ ಕೇಳಿದವರನ್ನು ಅಂಗಡಿಯ ಮೆಟ್ಟಿಲಿನಿಂದಲೇ ವಾಪಸ್ ಕಳಿಸುತ್ತಾರೆ.

ಕಾರಣ, ಎರಡು ವರ್ಷದ ಹಿಂದಿನ ಒಂದು ಬೆಳಗು. ಮದುವೆ ವಿಡಿಯೊ ತೆಗೆಯುವ ಸಾಗರ್, ನೀರಿಗಿಳಿಯುತ್ತಿದ್ದ ಹೆಲಿಕಾಪ್ಟರಿನ ಎದುರಿಗೇ ಡ್ರೋನ್ ಏರಿಸಿದ. ಹೆಲಿಕಾಪ್ಟರ್ ಥಟ್ಟನೆ ಓರೆಯಾಗಿ ತಿರುಗಿ ಹೊರಟುಹೋಯಿತು. ದಿನಾ ಗಂಡುಹೆಣ್ಣನ್ನು ತಿರುಗಿಸಿ ನಿಲ್ಲಿಸಿ ಫೋಟೊ ತೆಗೆಯುವವನಲ್ಲವೇ, ಪೈಲಟ್ಟೂ ತನಗೆ ಪೋಸ್ ಕೊಟ್ಟ ಎಂದುಕೊಂಡ ಮಹಾರಾಯ! ಊರಿಗೆಲ್ಲ ವಿಡಿಯೊ ಕಳಿಸಿದ.

ಮಾರನೆಯ ವಾರ, ಕಾಡಿನ ಬೆಂಕಿ ಕಾವಲುಗಾರ ಮಹಾಲಿಂಗ ತಲೆಗೆ ಕಟ್ಟುವ ಟಾರ್ಚ್ ರಿಪೇರಿಗೆ ತಂದರು. ಎಡಗೈಗೆ ಬ್ಯಾಂಡೇಜ್. ಅಂದು ನೀರು ನಲವತ್ತು ನಿಮಿಷ ತಡವಾಗಿ, ಹಸಿ ಸೊಪ್ಪಿನಿಂದ ಬೆಂಕಿ ಬಡಿಯುತ್ತಲೇ ಅಂಗೈ ಸುಟ್ಟುಕೊಂಡಿದ್ದರು.

“ಅವ್ರು ಯೋಳ್ತಾನೇ ಇದ್ರು, ನನ್ ಕೈಲಿದ್ದ ಸ್ಕ್ರೂಡ್ರೈವರ್ ಬಿದ್ದೋಯ್ತು ಸಾರ್. ಸಾಗರನ ಡ್ರೋನಿನ ಬೀಗ ಬಿಚ್ಚಿದ್ದು ಇದೇ ಕೈ. ಅಲ್ಲೇ ಒಪ್ಕೊಂಡ್ಬುಟ್ಟೆ” ಎನ್ನುತ್ತಾರೆ ಅಜ್ಮತ್. ಮಹಾಲಿಂಗ ಒಂದೇ ಮಾತು ಹೇಳಿದರಂತೆ: “ಬಿಚ್ಚಿದ್ ಕೈಲೇ ಕಟ್ಬುಡಿ ಸಾಬ್ರೇ.”

ಅಂದಿನಿಂದ ಹೆಲಿಕಾಪ್ಟರ್ ಸುದ್ದಿ ಬಂದ ಕೂಡಲೇ ಮಹಾಲಿಂಗ ಫೋನ್ ಮಾಡುತ್ತಾರೆ, ಅಜ್ಮತ್ ಟ್ರಂಕು ತೆಗೆಯುತ್ತಾರೆ. ಮೊದಲ ಸಲ ಬಂದದ್ದು ನಾಲ್ಕೇ ಬ್ಯಾಟರಿ. ಅಂಗೈಯಗಲದ ಡ್ರೋನು ಅಷ್ಟು ದೊಡ್ಡ ಹೆಲಿಕಾಪ್ಟರಿಗೆ ಏನು ಮಾಡೀತು ಎಂದು ನಕ್ಕವರೇ ಹೆಚ್ಚು. ಸಂಜೆ ಬೈಕಿನಲ್ಲಿ ಹೋಗುವಾಗ ಕಣ್ಣಿಗೆ ಒಂದು ಹುಳ ಹೊಡೆದರೆ ಏನಾಗುತ್ತದೆ ಎಂದು ಇವರು ಕೇಳಿದ ಮೇಲೆ ನಗು ನಿಂತಿತು.

ಇವತ್ತು ಆರೂಕಾಲಕ್ಕೆ ಎಣಿಸಿದರೆ ಇಪ್ಪತ್ತೊಂದೇ. ಬಾರದಿರುವುದು ಯಾರದು ಅಂತೀರಿ? ಸಾಗರನದೇ. ಫೋನ್ ಎತ್ತುತ್ತಿಲ್ಲ. ಟ್ರಂಕಿನ ಕಾವಲಿಗೆ ಚಾಂದ್ ಬಿಯನ್ನು ಕೂರಿಸಿ ಅಜ್ಮತ್ ಟಿವಿಎಸ್ ಹತ್ತುತ್ತಾರೆ, ಹಿಂದೆ ವರದಿಗೆಂದು ಬಂದ ನಾನು.

ಕೆರೆ ಏರಿಯ ಮೇಲೆ ಹರದನಹಳ್ಳಿಯ ಮದುವೆ ಜೋಡಿ ಸಿಂಗರಿಸಿಕೊಂಡು ನಿಂತಿದೆ. ಸಾಗರ್ ಡ್ರೋನನ್ನು ಆಗಲೇ ನೆಲದಿಂದ ಏರಿಸಲು ಸಜ್ಜಾಗಿದ್ದಾನೆ. ಭಾನುವಾರ ಮದುವೆ, ಬೇರೆ ದಿನ ಇಲ್ಲ, ಐದೇ ನಿಮಿಷ ಎಂದು ಗೋಗರೆಯುತ್ತಾನೆ. “ಸದ್ದು ಕೇಳ್ತಿದ್ದಂಗೆ ಇಳಿಸ್ಬುಡ್ತೀನಿ ಭಾಯ್.”

ಅಜ್ಮತ್ ಬೈಯುವುದಿಲ್ಲ. ಸುಮ್ಮನೆ ಕೈ ಚಾಚುತ್ತಾರೆ. ಬ್ಯಾಟರಿ ಅಂಗೈಗೆ ಬಿದ್ದ ಮೇಲೆಯೇ ಮಾತು. “ನೂರು ಮೀಟರಿಂದ ಇಳಿಯಕ್ಕೆ ನಿನ್ ಡ್ರೋನಿಗೆ ಮೂವತ್ತೈದು ಸೆಕೆಂಡ್ ಬೇಕು ಕಣಪ್ಪ. ಸದ್ದು ಕೇಳಿದ್ ಕೂಡ್ಲೇ ಎಣಿಸು. ಹೆಲಿಕಾಪ್ಟರ್ ಕೆರೆ ಮ್ಯಾಲಕ್ಕೆ ಬರೋ ಗಂಟ.”

ಎಲ್ಲರೂ ಗುಡ್ಡದತ್ತ ಕಿವಿಗೊಟ್ಟು ಕೂತೆವು. ಏಳಕ್ಕೆ ಎರಡು ನಿಮಿಷವಿದೆ, ಏನೂ ಇಲ್ಲ. ಗಾಳಿ ನಮ್ಮ ಕಡೆಯಿಂದ ಗುಡ್ಡದ ಕಡೆಗೆ ಬೀಸುತ್ತಿದೆ, ಸದ್ದು ಈಚೆಗೆ ಬರಗೊಡುತ್ತಿಲ್ಲ. ಆಮೇಲೆ ಎಲ್ಲೋ ಗುಡುಗಿದಂತಾಯಿತು. ಸಾಗರ್ ಒಂದು, ಎರಡು ಎಂದು ಜೋರಾಗಿಯೇ ಶುರುಮಾಡಿದ. ಹದಿನಾಲ್ಕು ಎನ್ನುವಷ್ಟರಲ್ಲಿ ಗುಡ್ಡದ ಹಿಂದಿನಿಂದ ಎದ್ದ ಹೆಲಿಕಾಪ್ಟರ್ ಕೆರೆಯ ಮೇಲಿತ್ತು. ವಧುವಿನ ಸೆರಗು ಹಾರಿತು. ಸಾಗರನ ಬಾಯಲ್ಲಿ ಹದಿನೈದು ಬರಲೇ ಇಲ್ಲ.

ಬಕೆಟ್ ಮುಳುಗಿ, ತುಂಬಿ, ನೀರು ಸುರಿಸುತ್ತಾ ಮದ್ದೂರಿನ ಹೊಗೆಯತ್ತ ಹೋಯಿತು. ಸಾಗರ್ ತಲೆಯೆತ್ತದೆ ಬ್ಯಾಗಿನ ಒಳಜೇಬಿಗೆ ಕೈಹಾಕಿ ಇನ್ನೊಂದು ಬ್ಯಾಟರಿ ತೆಗೆದು ಕೊಟ್ಟ. “ಇದೂ ಇತ್ತು ಭಾಯ್.” ಅಜ್ಮತ್ ಎರಡನ್ನೂ ಟವೆಲಿನಲ್ಲಿ ಸುತ್ತಿಕೊಂಡರು. ಜೋಡಿಯ ಫೋಟೊ ನೆಲದ ಮೇಲಿಂದಲೇ ಆಯಿತು, ಹಿಂದೆ ಮತ್ತೆ ನೀರಿಗೆ ಬಂದ ಹೆಲಿಕಾಪ್ಟರ್ ಸಮೇತ.

ಹತ್ತು ಗಂಟೆಯೊಳಗೆ ಹೆಲಿಕಾಪ್ಟರ್ ಒಂಬತ್ತು ಸಲ ನೀರೊಯ್ದಿದೆ. ನಡುವೆ ಮಹಾಲಿಂಗರ ಫೋನ್ ಬಂತು: ಬೆಂಕಿ ಬಗ್ಗಿದೆ, ಎಲ್ಲರೂ ಹುಷಾರಾಗಿದ್ದೇವೆ. ಅಜ್ಮತ್ ಕಣ್ಣೊರೆಸಿಕೊಂಡರು, ಮುಚ್ಚಿಡಲಿಲ್ಲ. ಇಷ್ಟೆಲ್ಲ ಮಾಡುವ ನಿಮ್ಮ ಹೆಸರು ಆ ಪೈಲಟ್ಟಿಗೆ ಗೊತ್ತೇ ಎಂದು ಕೇಳಿದೆ. ಟ್ರಂಕಿಗೆ ಬೀಗ ಹಾಕುತ್ತಾ ನಕ್ಕರು.

“ಗೊತ್ತಾಗ್ಲೇಬಾರ್ದು ಸಾರ್. ನನ್ ಹೆಸ್ರು ಅವ್ರ ಕಿವಿಗೆ ಬಿತ್ತು ಅಂದ್ರೆ, ಅವತ್ತು ಟ್ರಂಕಲ್ಲಿ ಒಂದು ಕಮ್ಮಿ ಇತ್ತು ಅಂತ.”