ಮಸುಕಾದ ಜಾಗ

ಧಾರವಾಡದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿಗೆ ಅಡುಗೆಮನೆಯ ಬಿಳಿ ಪಿಂಗಾಣಿ ಸಿಂಕಿನ ಮೇಲೆ ಬಲು ಅಕ್ಕರೆ. ದಿನವೂ ಸೋಡಾ ಹಚ್ಚಿ ತಿಕ್ಕಿ, ಹಳೆಯ ಇಳಕಲ್ ಸೀರೆಯ ತುಂಡಿನಿಂದ ಒರೆಸುತ್ತಿದ್ದರು. "ತಮ್ಮಾ, ಆ್ಯಸಿಡ್ ಒಂದು ಮುಟ್ಟಸಬ್ಯಾಡಪಾ," ಎಂಬುದು ಅವರ ನಿತ್ಯದ ಮಾತು.

ಅವರು ಹುಬ್ಬಳ್ಳಿಗೆ ಹೋಗಿದ್ದ ದಿನ, ಚಹಾದ ಕಲೆ ತೆಗೆಯಲು ನಾನು ಆ್ಯಸಿಡ್ಡನ್ನೇ ಸುರಿದೆ. ಕಲೆಯೊಂದಿಗೆ ಹೊಳಪೂ ಹೋಯಿತು.

ಮರುದಿನ ಅವರು ಮಸುಕಾದ ಜಾಗವನ್ನು ಬೆರಳಿನಿಂದ ಸವರಿದರು. "ಎಷ್ಟ್ ತಿಕ್ಕಿದ್ರೂ ಹೊಳೀವಲ್ದು. ನನ್ನ ಕೈಯಾಗಿನ ಕಸುವ ಹೋತು ನೋಡು," ಎಂದು ನಕ್ಕರು.

ಆಗಲೇ ತಪ್ಪೊಪ್ಪಿಕೊಂಡೆ ಎಂದು ನನ್ನ ನೆನಪು ಹೇಳುತ್ತದೆ. ಅವರು "ಇರ್ಲಿ ಬಿಡು" ಎಂದದ್ದೂ ಕೇಳಿಸುತ್ತದೆ. ಆದರೆ ನಾನು ಮನೆ ಬಿಟ್ಟ ದಿನವೂ ಅವರು ಅದೇ ಜಾಗವನ್ನು ತಿಕ್ಕುತ್ತಿದ್ದರು. ನಾನು ಹೇಳಿದ್ದರೆ ಅವರು ಎಂದೋ ನಿಲ್ಲಿಸಿರುತ್ತಿದ್ದರು.