ಹಸಿರು ಎಲೆಯ ಗುರುತು ನಂಬಿ

ಇಂದು ಮಾಡಿದ ಕೆಲಸಗಳು ಇಷ್ಟು. ಆರಕ್ಕೆ ಎದ್ದು ಅತ್ತೆಯವರ ಸ್ನಾನಕ್ಕೆ ನೀರು ಕಾಯಿಸಿದೆ. ಮಗಳ ಡಬ್ಬಿ ಕಟ್ಟಿದೆ. ಕೌನ್ಸಿಲ್‌ನವರ ಕಸದ ಬಿನ್ನನ್ನು ರಸ್ತೆಯ ಅಂಚಿಗೆ ಎಳೆದಿಟ್ಟೆ, ಹೋದ ವಾರ ಮರೆತಿದ್ದೆ. ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋದೆ. ಅರವತ್ತು ಜೊತೆ ಬೂಟುಗಳ ಒಳಗೆ ವಾಸನೆ ಹೋಗುವ ಔಷಧ ಹೊಡೆದು ಗೂಟಗಳಿಗೆ ಬೋರಲು ಹಾಕಿದೆ. ಬರುವಾಗ ಮೆಂತ್ಯ ಸೊಪ್ಪು, ಹಾಲು ತಂದೆ. ಮನೆಗೆ ಬಂದು, ಮೂರು ವಾರದಿಂದ ಹೇಳಲಾರದೆ ಇಟ್ಟುಕೊಂಡಿದ್ದ ಮಾತನ್ನು ಅತ್ತೆಯವರಿಗೆ ಹೇಳಿದೆ.

ಬೂಟು ಅಂದೆನಲ್ಲ, ಅವು ಹಿಮದ ಮೇಲೆ ಜಾರುವವರ ಬೂಟುಗಳು. ಒಂದೊಂದೂ ನಮ್ಮ ಒರಳುಕಲ್ಲಿನಷ್ಟು ಭಾರ. ಆದರೆ ನಾನು ಕೆಲಸ ಮಾಡುವಲ್ಲಿ ಹಿಮವೇ ಇಲ್ಲ. ಲಂಡನ್ನಿನ ಪಶ್ಚಿಮದ ಅಂಚಿಗೆ ಒಂದು ಮಣ್ಣಿನ ಗುಡ್ಡವಿದೆ. ಅದರ ಇಳಿಜಾರಿಗೆ ಉದ್ದಕ್ಕೂ ಬಿಳಿ ಪ್ಲಾಸ್ಟಿಕ್ಕಿನ ಬ್ರಶ್ ಹಾಸಿದ್ದಾರೆ, ಬಟ್ಟೆ ತಿಕ್ಕುವ ಬ್ರಶ್ಶನ್ನು ಅಂಗಾತ ಮಲಗಿಸಿದ ಹಾಗೆ. ಜಾರಲೆಂದು ಅದರ ಮೇಲೆ ನೀರು ಚಿಮುಕಿಸುತ್ತಾರೆ. ಆಲ್ಪ್ಸ್ ಪರ್ವತಕ್ಕೆ ಹೋಗುವ ಮುಂಚೆ ಜನ ಇಲ್ಲಿ ದುಡ್ಡು ಕೊಟ್ಟು ಬೀಳುವುದನ್ನು ಕಲಿಯುತ್ತಾರೆ. ಮೊದಲ ದಿನ ನೋಡಿ ದಂಗಾದೆ. ನಮ್ಮ ಧಾರವಾಡದಲ್ಲಿ ಗುಡ್ಡ ಹತ್ತಿದರೆ ಮೇಲೊಂದು ಗುಡಿ ಇರುತ್ತದೆ, ಕೈ ಮುಗಿದು ಕೂತು ಬರುತ್ತೇವೆ. ಇಲ್ಲಿ ಮೇಲೆ ಏನೂ ಇಲ್ಲ. ಹತ್ತುವುದೇ ಇಳಿಯುವುದಕ್ಕೆ.

ನನ್ನ ಯಜಮಾನರು ಶಿವಾನಂದ ಅವರಿಗೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕಂಪ್ಯೂಟರ್ ಕೆಲಸ. ಅದಕ್ಕೇ ಫೆಲ್ಥಮ್‌ನಲ್ಲಿ ಮನೆ. ಬಂದು ನಾಲ್ಕು ವರ್ಷವಾಯಿತು. ಮೊದಮೊದಲು ವಿಮಾನ ಹೋದಾಗಲೆಲ್ಲ ಮಾತು ನಿಲ್ಲಿಸುತ್ತಿದ್ದೆವು. ಈಗ ಅದು ಹೋದದ್ದೇ ಗೊತ್ತಾಗುವುದಿಲ್ಲ. ಮಗಳು ನಿವೇದಿತಾಗೆ ಹದಿನೈದು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಕನ್ನಡದಲ್ಲಿ ಬೈದರೆ ಮಾತ್ರ ಪೂರ್ತಿ ತಿಳಿಯುತ್ತದೆ.

ಅತ್ತೆಯವರು ನವೆಂಬರಿನಲ್ಲಿ ಬಂದರು, ಆರು ತಿಂಗಳ ವೀಸಾದ ಮೇಲೆ. ಎಪ್ಪತ್ತನಾಲ್ಕು ವಯಸ್ಸು. ಬೆಳಗ್ಗೆ ಸ್ನಾನ, ವಿಭೂತಿ, ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯ ಅಂಗೈಯಲ್ಲಿಟ್ಟು ಪೂಜೆ. ಊಟಕ್ಕೆ ಕೂತರೆ ತಾಟಿನಲ್ಲಿದ್ದದ್ದನ್ನು ಮೊದಲು ಲಿಂಗಕ್ಕೆ ತೋರಿಸಿ, ಆಮೇಲೆ ತುತ್ತು. ಹಾಗೆ ತೋರಿಸಿದ ಮೇಲೆ ಅದು ಅಡುಗೆಯಲ್ಲ, ಪ್ರಸಾದ. ಒಂದು ಅಗುಳೂ ಬಿಡುವಂತಿಲ್ಲ. ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಅವರ ತಾಟನ್ನು ನಾನು ತಿಕ್ಕಿದ್ದು ಹೆಸರಿಗೆ ಮಾತ್ರ.

ಇಂಥವರು ಇಲ್ಲಿಗೆ ಬಂದು ಹದಿನೈದು ದಿನಕ್ಕೆ ಊಟವನ್ನೇ ಬಿಟ್ಟಂತಾದರು. ಇಲ್ಲಿ ಸಿಗುವ ಜೋಳದ ಹಿಟ್ಟು ಎಷ್ಟು ತಿಂಗಳು ಹಳೆಯದೋ, ನಾದಿದರೆ ಜಿಗುಟೇ ಇಲ್ಲ. ರೊಟ್ಟಿ ಉಬ್ಬುವುದಿಲ್ಲ, ಆರಿದರೆ ತಗಡು. ಅವರ ಕಟ್ಟಿಸಿದ ಹಲ್ಲಿಗೆ ಅದು ಆಗದು. ಬದನೆಕಾಯಿ ನೀರು ನೀರು. "ಬಾಯಿ ರುಚಿ ಇಲ್ಲವಾ, ನೀ ಬ್ಯಾಸರಾ ಮಾಡ್ಕೋಬ್ಯಾಡ" ಎಂದು ಎರಡು ತುತ್ತು ಮೊಸರನ್ನ ಉಂಡು ಏಳುತ್ತಿದ್ದರು. ಡಿಸೆಂಬರಿಗೆ ಕುಪ್ಪಸದ ತೋಳು ಸಡಿಲವಾದವು. ಎರಡು ಸಲ ಹೊಲಿಗೆ ಬಿಚ್ಚಿ ಒಳಗೆ ಹಿಡಿದೆ. ಫೋನಿನಲ್ಲಿ ನಾದಿನಿ "ವೈನೀ, ನಮ್ಮವ್ವ ಮಾರಿ ಸಣ್ಣ ಮಾಡ್ಯಾಳಲ್ಲ" ಎಂದಳು.

ಹಾಗಿರುವಾಗ ಒಂದು ಸಂಜೆ ನಿವೇದಿತಾ ಸೌತೇಕಾಯಿ, ಮೇಯೊನೀಸ್ ಹಚ್ಚಿದ ಬ್ರೆಡ್ ತಿನ್ನುತ್ತಿದ್ದಳು. ಅತ್ತೆಯವರು ನೋಡಿ, "ಅದೇನ ತಿನ್ನಾಕತ್ತಿ? ಒಂದ ಚೂರ ಕೊಡು" ಅಂದರು. ನಾನು ಬೇರೆ ತಾಟಿನಲ್ಲಿ ಮೆತ್ತಗೆ ಅಂಚು ಕತ್ತರಿಸಿ ಕೊಟ್ಟೆ. ಲಿಂಗಕ್ಕೆ ತೋರಿಸಿ ಬಾಯಿಗಿಟ್ಟರು.

"ಬೆಣ್ಣಿ ಹಂಗ ಐತಿ, ಹುಳೀನೂ ಐತಿ. ಛಲೋ ಐತಲ್ಲ! ಇನ್ನೊಂದ ಮಾಡವಾ."

ಆ "ಇನ್ನೊಂದ ಮಾಡವಾ" ಕೇಳಿ ನಾನು ಸಿಂಕಿನ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಈ ದೇಶದಲ್ಲಿ ನಾನು ಗೆದ್ದದ್ದು ಏನಾದರೂ ಇದ್ದರೆ ಅದೇ. ಅಂದಿನಿಂದ ದಿನಾ ಎರಡು ಹೊತ್ತು ಅದೇ. ಗಲ್ಲ ತುಂಬಿತು. ನಾದಿನಿಗೆ ವಿಡಿಯೊ ತೋರಿಸಿದೆ. ಒಳಗೆ ಹಿಡಿದಿದ್ದ ಹೊಲಿಗೆಯನ್ನು ಮತ್ತೆ ಬಿಟ್ಟೆ.

ಮೇಯೊನೀಸಿನ ಬಾಟಲಿ ಕೊಳ್ಳುವಾಗ ನಾನು ನೋಡಿದ್ದೆ, ನೋಡಲಿಲ್ಲ ಅನ್ನುವಂತಿಲ್ಲ. ಅದರ ಮೇಲೆ ಪುಟ್ಟ ಹಸಿರು ಎಲೆ, ಪಕ್ಕದಲ್ಲಿ ಸಸ್ಯಾಹಾರಿಗಳಿಗೆ ತಕ್ಕದ್ದು ಎಂಬ ಸಾಲು. ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಮುಗಿಯಿತು, ಹಿಂದೆ ತಿರುಗಿಸಿ ಓದುವವರು ಯಾರು? ಧಾರವಾಡದಲ್ಲೂ ಮಗಳಿಗೆ ಅದನ್ನು ತರುತ್ತಿದ್ದೆ, ಹಸಿರು ಚುಕ್ಕೆಯದು. ಹಾಲಿನ ಕೆನೆಯನ್ನೇ ಏನೋ ಮಾಡಿರುತ್ತಾರೆ ಎಂದು ತಿಳಿದಿದ್ದೆ.

ಮೂರು ವಾರದ ಹಿಂದಿನ ಶನಿವಾರ. ನನ್ನ ಬೂಟಿನ ಕೌಂಟರಿಗೆ ಹತ್ತಿಕೊಂಡೇ ಕೆಫೆಯ ಮೇಜುಗಳಿವೆ. ಆಲ್ಪ್ಸ್‌ಗೆ ಹೋಗಲಿರುವ ಮೂವರು ಪ್ರತಿ ಶನಿವಾರ ಅಲ್ಲಿ ಕೂರುತ್ತಾರೆ: ಜಾರುವುದನ್ನು ಕಲಿಸುವ ಇಂಗ್ಲಿಷ್ ಮುದುಕ ಗ್ರಹಾಂ, ಫ್ರಾನ್ಸಿನವನಾದ ಲೂಕ್, ಸ್ಪೇನಿನ ದ್ವೀಪವೊಂದರಿಂದ ಬಂದ ಪಿಲಾರ್. ಲೂಕ್ ಅವತ್ತು ಮೊಣಕಾಲು ಮಡಿಸಿ, ತಲೆ ತಗ್ಗಿಸಿ, ಮೈಯನ್ನು ಮುದ್ದೆ ಮಾಡಿಕೊಂಡು ಇಳಿದಿದ್ದ. ಜೋರಾಗಿ ಇಳಿಯುವ ಆ ಭಂಗಿಗೆ ಅವರು ಮೊಟ್ಟೆ ಅನ್ನುತ್ತಾರಂತೆ. ಅರ್ಧ ದಾರಿಯಲ್ಲಿ ಬಿದ್ದು, ಒದ್ದೆ ಬ್ರಶ್ಶಿನ ಮೇಲೆ ಉರುಳಿಕೊಂಡು, ಕೈಯೊಂದು ಕಾಲೊಂದು ಕಡೆಯಾಗಿ ಕೆಳಗೆ ಬಂದ.

"ಮೇಲಿಂದ ಹೊರಟಾಗ ಮೊಟ್ಟೆ, ಕೆಳಗೆ ಬಂದಾಗ ಮೇಯೊನೀಸ್!" ಎಂದ ಗ್ರಹಾಂ, ತನ್ನ ಆಲೂಗಡ್ಡೆ ಚಿಪ್ಸಿನ ಮೇಲೆ ಅದನ್ನೇ ಸುರಿದುಕೊಳ್ಳುತ್ತ.

"ಆಗಲಿ. ಅದೂ ನಮ್ಮ ಫ್ರಾನ್ಸಿನದೇ" ಎಂದ ಲೂಕ್ ಸೊಂಟ ಹಿಡಿದುಕೊಂಡು.

ಪಿಲಾರ್ ಬಿಡಲಿಲ್ಲ. "ಯಾರು ಹೇಳಿದ್ದು? ನಮ್ಮ ದ್ವೀಪದ ಬಂದರಿನ ಹೆಸರು ಮಾಹೋನ್. ಮೇಯೊನೀಸ್ ಎಂಬ ಹೆಸರು ಬಂದದ್ದೇ ಅದರಿಂದ. ನಿಮ್ಮ ದಂಡು ಬಂದು ಬಂದರು ಹಿಡಿಯಿತು, ನಮ್ಮ ಹೆಂಗಸರ ಒರಳಿನಲ್ಲಿದ್ದದ್ದನ್ನು ನೆಕ್ಕಿತು, ಪ್ಯಾರಿಸಿಗೆ ಹೋಗಿ ನಮ್ಮದೆಂದಿತು."

"ಕೆನೆ ಸಿಗಲಿಲ್ಲವೆಂದು ನಮ್ಮ ದಂಡನಾಯಕನ ಅಡುಗೆಯವನು ಎಣ್ಣೆ ಹಾಕಿ ಮಾಡಿದ್ದು! ಅದು ಚರಿತ್ರೆ."

"ಅದು ಅಡುಗೆಯವನ ಸುಳ್ಳು."

ಗ್ರಹಾಂ ಚಿಪ್ಸ್ ಎತ್ತಿ ಹಿಡಿದ. "ಆ ಬಂದರು ಆಗ ಇದ್ದದ್ದು ನಮ್ಮ ಕೈಯಲ್ಲಿ. ಕಳೆದುಕೊಂಡನೆಂದು ನಮ್ಮ ನೌಕಾಪಡೆಯ ನಾಯಕನನ್ನು ನಾವೇ ಗುಂಡಿಟ್ಟು ಕೊಂದೆವು. ಪಿಲಾರ್‌ಗೆ ದ್ವೀಪ, ಲೂಕ್‌ಗೆ ಹೆಸರು, ನಮಗೆ ಚಿಪ್ಸಿನ ಮೇಲೆ ಒಂದು ಚಮಚ!"

ಮೂವರೂ ಮೇಜು ಬಡಿದು ನಕ್ಕರು. ನಾನು ಮಾತ್ರ ಗ್ರಹಾಂ ಹೇಳಿದ ಮೊದಲ ಮಾತಿನಲ್ಲೇ ನಿಂತುಬಿಟ್ಟಿದ್ದೆ. ಕೈಯಲ್ಲಿ ಒಂದು ಬೂಟು ಹಾಗೇ ಇತ್ತು.

"ಗ್ರಹಾಂ, ಮೇಯೊನೀಸಿನಲ್ಲಿ ಮೊಟ್ಟೆ ಇರುತ್ತದೆಯೇ?" ಎಂದು ಕೇಳಿದೆ.

ಮೂವರೂ ಮೊದಲಿಗಿಂತ ಜೋರಾಗಿ ನಕ್ಕರು. "ಮಹಾ, ನೀನು ಮುಖ ಗಂಟಿಕ್ಕಿಕೊಂಡೇ ತಮಾಷೆ ಮಾಡುತ್ತೀ ನೋಡು!" ಎಂದ ಗ್ರಹಾಂ. ನನ್ನ ಹೆಸರು ಮಹಾದೇವಿ, ಇವರಿಗೆ ಅರ್ಧ ಸಾಕು. "ಹಳದಿ ಲೋಳೆ, ಎಣ್ಣೆ. ಹನಿ ಹನಿಯಾಗಿ ಹಾಕಿ ತಿರುಗಿಸಬೇಕು, ಅವಸರ ಮಾಡಿದರೆ ಒಡೆಯುತ್ತದೆ. ಲೂಕ್‌ಗೆ ನಾನು ದಿನಾ ಹೇಳುವುದೂ ಅದೇ."

ನಾನೂ ನಕ್ಕೆ. ಏನು ಮಾಡಲಿ? ಅವರಿಗೆ ಲಿಂಗಪೂಜೆಯನ್ನು, ತಾಟು ತೊಳೆದ ನೀರನ್ನು ಯಾವ ಇಂಗ್ಲಿಷಿನಲ್ಲಿ ಹೇಳಲಿ? ಆ ಮಧ್ಯಾಹ್ನ ಇಬ್ಬರು ಮಕ್ಕಳಿಗೆ ಬಲಗಾಲಿನ ಬೂಟನ್ನೇ ಜೋಡಿ ಮಾಡಿ ಕೊಟ್ಟೆನಂತೆ.

ಮನೆಗೆ ಬಂದು ಕೋಟು ಬಿಚ್ಚದೆ ಫ್ರಿಜ್ ತೆಗೆದು ಬಾಟಲಿ ತಿರುಗಿಸಿದೆ. ದಪ್ಪಕ್ಷರದಲ್ಲೇ ಬರೆದಿತ್ತು. ಮುಂದೆ ಹಸಿರು ಎಲೆ, ಹಿಂದೆ ಮೊಟ್ಟೆ. ಇಲ್ಲಿಯವರ ಲೆಕ್ಕದಲ್ಲಿ ಸಸ್ಯಾಹಾರಿ ಮೊಟ್ಟೆ ತಿನ್ನುತ್ತಾನೆ. ಅವರು ಮೋಸ ಮಾಡಿಲ್ಲ. ನಾನು ನಮ್ಮೂರಿನ ಕಣ್ಣಿನಿಂದ ಈ ಊರಿನ ಬಾಟಲಿ ನೋಡಿದ್ದೆ.

ಯಜಮಾನರಿಗೆ ಹೇಳಿದೆ. "ಹೇಳಬ್ಯಾಡ. ಎರಡ ತಿಂಗಳಾದ್ರ ಹೋಗ್ತಾಳ. ಗೊತ್ತಾದ್ರ ಅವ್ವ ನೀರೂ ಮುಟ್ಟಂಗಿಲ್ಲ" ಅಂದರು. ನಿವೇದಿತಾ "ಜಸ್ಟ್ ಟೆಲ್ ಹರ್, ಮಮ್ಮೀ" ಅಂದಳು. ಇಬ್ಬರದೂ ಸರಿ ಅನ್ನಿಸಿತು. ಅದೇ ಕಷ್ಟ.

ಮೊಟ್ಟೆ ಇಲ್ಲದ ಬಾಟಲಿಯೂ ಸಿಗುತ್ತದೆ. ಅದನ್ನು ತಂದು ಹಚ್ಚಿದೆ. ಅತ್ತೆಯವರು ಮೊದಲ ತುತ್ತಿಗೇ ನನ್ನ ಮುಖ ನೋಡಿದರು. "ಇದು ಅದಲ್ಲ" ಅಂದರು. ಪ್ರಸಾದವೆಂದು ಬಿಡುವಂತಿಲ್ಲ, ಔಷಧ ನುಂಗಿದ ಹಾಗೆ ಮುಗಿಸಿದರು. ಮರುದಿನದಿಂದ "ಬ್ರೆಡ್ ಸಾಕಾತು ಬಿಡವಾ." ಬೇರೆ ಅಂಗಡಿಯ ಇನ್ನೊಂದು ತಂದೆ, ಮುಟ್ಟಲಿಲ್ಲ. ಗೂಗಲ್ ನೋಡಿ ಹಾಲು, ಎಣ್ಣೆ, ಲಿಂಬೆ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿದೆ. ಮೂರು ಸಲವೂ ಒಡೆಯಿತು. ಮತ್ತೆ ಮೊಸರನ್ನ, ಎರಡು ತುತ್ತು. ಹದಿನೈದು ದಿನದಲ್ಲಿ ಕುಪ್ಪಸದ ಹೊಲಿಗೆ ಮತ್ತೆ ಒಳಗೆ ಹೋಯಿತು. ನಾಲ್ಕು ದಿನದ ಹಿಂದೆ ಮೆಟ್ಟಿಲ ಮೇಲೆ ತಲೆ ತಿರುಗಿ ಕೂತುಬಿಟ್ಟರು.

ನಿನ್ನೆ ನಾನು ಹಳೆಯ ಬಾಟಲಿಯನ್ನೇ ತಂದೆ. ಗೊತ್ತಿದ್ದೂ ತಂದೆ. ಗೊತ್ತಿದ್ದೂ ಹಚ್ಚಿದೆ.

ಅವರು ಲಿಂಗಕ್ಕೆ ತೋರಿಸಿದರು. ತಿಂದರು. "ಈಗ ಅದ ಬಂತ ನೋಡು" ಎಂದು ಎಷ್ಟೋ ದಿನದ ಮೇಲೆ ನಕ್ಕರು. ತಾಟಿಗೆ ನೀರು ಹಾಕಿ, ಅಂಚಿಗೆ ಅಂಟಿದ ಬಿಳಿಯದನ್ನು ತೋರುಬೆರಳಿನಿಂದ ಬಿಡಿಸಿ ಬಿಡಿಸಿ, ಕಣ್ಣು ಮುಚ್ಚಿ ಕುಡಿದರು. ನಾನು ಗ್ಯಾಸಿನ ಮುಂದೆ ನಿಂತಿದ್ದೆ. ಓಡಿ ಹೋಗಿ ತಾಟು ಕಸಿಯಬೇಕೆನ್ನಿಸಿತು. ಕಸಿಯಲಿಲ್ಲ.

ಅದಕ್ಕೇ ಇಂದು ಹೇಳಿದ್ದು. ಅತ್ತೆಯವರು ಕಿಟಕಿಯ ಬಳಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನೆಲದ ಮೇಲೆ ಅವರ ಎದುರು ಕೂತೆ.

"ಅತ್ಯಾರ, ಆ ಬ್ರೆಡ್ಡಿಗೆ ಹಚ್ಚೋದರಾಗ ತತ್ತಿ ಇರ್ತೈತ್ರಿ."

ಸೊಪ್ಪಿನ ಮೇಲಿದ್ದ ಕೈ ನಿಂತಿತು. "ಯಾವುದರಾಗ?"

ಎಲ್ಲ ಹೇಳಿದೆ. ಎಲೆಯ ಗುರುತು, ಗ್ರಹಾಂನ ಮಾತು, ನಾನು ಕೇಳಿದ್ದು, ಅವರು ನಕ್ಕದ್ದು. ದ್ವೀಪ, ದಂಡು, ಗುಂಡಿಟ್ಟು ಕೊಂದ ಕಥೆಯನ್ನೂ ಹೇಳಿದೆ, ಯಾಕೆ ಹೇಳಿದೆನೋ. ಸುಮ್ಮನಿರಲು ಹೆದರಿಕೆಯಾಗಿ ಮಾತಾಡುತ್ತಲೇ ಹೋದೆ.

"ಇದರ ಸಲುವಾಗಿ ಒಬ್ಬಾಂವನ್ನ ಕೊಂದ್ರೇನು?" ಅಂದರು.

"ಇದರ ಸಲುವಾಗಿ ಅಲ್ರಿ, ಊರಿನ ಸಲುವಾಗಿ."

"ಹೂಂ." ಮೂರು ಕಡ್ಡಿ ಸೊಪ್ಪು ಬಿಡಿಸಿದರು. ಆಮೇಲೆ ಕೇಳಿದರು: "ನಿನಗ ಗೊತ್ತಾದದ್ದು ಯಾವಾಗ?"

"ಮೂರ ವಾರ ಆತ್ರಿ."

"ಗೊತ್ತಾದ ಮ್ಯಾಲ ಎಷ್ಟ ಸಲ ಕೊಟ್ಟಿ?"

"ಒಂದ ಸಲ. ನಿನ್ನೆ."

"ಗೊತ್ತಿಲ್ಲದ ತಿಂದದ್ದು ಹೊಟ್ಟ್ಯಾಗ ಹೋತು, ಅದು ನಿಂದೂ ಅಲ್ಲ, ನಂದೂ ಅಲ್ಲ" ಅಂದರು. "ನಿನ್ನೆದು ಎಲ್ಲಿಡ್ಲವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಅಳಲೂ ಇಲ್ಲ. ಎದ್ದು ಹೋಗಿ ಮತ್ತೆ ಸ್ನಾನ ಮಾಡಿದರು. ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಒಂದು ತಾಸು ಕೂತರು. ಯಜಮಾನರು ಕೆಲಸದಿಂದ ಬಂದು, ನನ್ನ ಮುಖ ನೋಡಿ ಒಳಗೆ ಹೋದರು.

ಹೊರಗೆ ಬಂದ ಅತ್ತೆಯವರು ಕೇಳಿದ್ದು ಒಂದೇ ಮಾತು. "ನಿಮ್ಮೂರಾಗ ಹಸರ ಗುರುತಿದ್ರ ತತ್ತಿ ನಡೀತೈತೇನು?"

"ನಡೀತೈತ್ರಿ" ಅಂದೆ.

ನಿಮ್ಮೂರು ಅಂದರು. ನಾಲ್ಕು ವರ್ಷದಲ್ಲಿ ಫೆಲ್ಥಮ್ಮನ್ನು ಯಾರೂ ನನ್ನ ಊರು ಅಂದಿರಲಿಲ್ಲ. ಇಲ್ಲಿಯವರು ನಿನ್ನ ಊರು ಯಾವುದು ಎಂದು ಕೇಳುತ್ತಾರೆ, ನಾನು ಧಾರವಾಡ ಅನ್ನುತ್ತೇನೆ. ಧಾರವಾಡದಿಂದ ಬಂದವರು ಈ ಊರನ್ನು ನನಗೆ ಕೊಟ್ಟುಬಿಟ್ಟರು. ಅಲ್ಲ ಅನ್ನುವಂತಿರಲಿಲ್ಲ, ಯಾಕೆಂದರೆ ನಿನ್ನೆ ಆ ಬಾಟಲಿಯನ್ನು ಟ್ರಾಲಿಗೆ ಹಾಕಿದವಳು ನಾನೇ.

ರಾತ್ರಿಯ ಊಟಕ್ಕೆ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಕೈಲಾದಷ್ಟು ತೆಳ್ಳಗೆ ರೊಟ್ಟಿ ಬಡಿದೆ. ಅಂಚು ಸೀಳಿತು. ಮುರಿದು ಬಿಸಿ ಹಾಲಿನಲ್ಲಿ ನೆನೆಸಿ ಅತ್ತೆಯವರ ಮುಂದಿಟ್ಟೆ. ಅವರು ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ತಾಟನ್ನು ತೋರಿಸುವ ಮುಂಚೆ ನನ್ನ ಕಡೆ ನೋಡಿದರು. ನನ್ನ ಮದುವೆಯಾಗಿ ಹದಿನೆಂಟು ವರ್ಷ, ನಾನು ಬಡಿಸಿದ್ದನ್ನು ಅವರು ಏನೆಂದು ಕೇಳಿದವರಲ್ಲ.

"ಇದರಾಗ ಏನೇನ ಐತೆವಾ?"

"ಜೋಳದ ಹಿಟ್ಟು, ನೀರು, ಹಾಲು" ಅಂದೆ.

ತೋರಿಸಿದರು, ಉಂಡರು, ಅರ್ಧ ರೊಟ್ಟಿ. ತಾಟು ತೊಳೆದು ಕುಡಿದರು. ನಾವು ಮೂವರು ಮೆಂತ್ಯ ಪಲ್ಯ, ಅನ್ನ, ಸಾರು ಉಂಡೆವು. ಎಲ್ಲರಿಗಿಂತ ಮೊದಲು ಮಲಗಿದವರು ಅತ್ತೆಯವರು, ಗೋಡೆಯ ಕಡೆ ಮುಖ ಮಾಡಿ.