ಕಲ್ಲು ಸೈಡಿಂಗಿನ ಮೇಲೆ ರಾಗಿ ರಾಶಿ

ಸಾಮ್ರಾಜ್ಯಗಳು ಏಳುತ್ತವೆ, ಬೀಳುತ್ತವೆ. ಕಾಲದ ಮುಂದೆ ಕಬ್ಬಿಣವೂ ಮಣ್ಣೇ. ನಮ್ಮೂರಿನಲ್ಲಿ ಮಾತ್ರ ಕಬ್ಬಿಣ ಮಣ್ಣಾಗುವುದಕ್ಕೆ ಮೊದಲೇ ಗುಜರಿಯವರು ಬಂದರು.

ಟೇಕಲ್ ಕಡೆಯ ದೊಡ್ಡ ಹಳಿಯಿಂದ ಕವಲೊಡೆದು ನಮ್ಮ ಕೆರೆಯಂಚಿಗೆ ಬಂದು ಸುಮ್ಮನೆ ನಿಂತುಬಿಡುವ ಈ ಒಂಟಿ ಹಳಿಯನ್ನು, ಅಂದರೆ ಕಲ್ಲು ಸೈಡಿಂಗನ್ನು, ಹಾಕಿದ್ದು ಬೆಟ್ಟದ ಕಲ್ಲನ್ನು ಗೂಡ್ಸ್ ಗಾಡಿಗೆ ತುಂಬುವುದಕ್ಕೆ. ಪಕ್ಕದಲ್ಲಿ ವ್ಯಾಗನ್ನಿನ ಎತ್ತರಕ್ಕೆ ಒಂದು ಕಟ್ಟೆ, ಮೇಲೆ ಚಪ್ಪಡಿಯ ಹಾಸು. ರೈಲ್ವೆಯವರು ಅದನ್ನು ವಾರ್ಫ್ ಎನ್ನುತ್ತಿದ್ದರು, ಹಡಗು ಬಂದು ನಿಲ್ಲುವ ಕಟ್ಟೆಯ ಹೆಸರು. ಕೆರೆ ತುಂಬಿದ ವರ್ಷ ಅಲ್ಲಿ ಬಂದು ತಂಗಿದ್ದು ಎಮ್ಮೆಗಳು ಮಾತ್ರ. ಆಮೇಲೆ ಕ್ವಾರಿ ಮುಚ್ಚಿತು, ಗಾಡಿ ನಿಂತಿತು, ಹಳಿಗಳ ನಡುವೆ ಲಂಟಾನ ಎದ್ದಿತು. ಕಟ್ಟೆಗೆ ಬಡ್ತಿ ಸಿಕ್ಕಿ ಊರಿನ ರಾಗಿ ಕಣವಾಯಿತು. ಸಗಣಿ ಸಾರಿಸಿದರೆ ಮಣ್ಣು ಬೆರೆಯದು, ಎತ್ತರವಾದ್ದರಿಂದ ಗಾಳಿಯೂ ಚೆನ್ನ.

ಈ ಸಲದ ಸುಗ್ಗಿಯಲ್ಲಿ ನಮ್ಮ ದೊಡ್ಡಮ್ಮ ಒಕ್ಕಣೆ ಮುಗಿಸಿ, ರಾಶಿ ಮಾಡಿ, ತುದಿಯಲ್ಲಿ ಸಗಣಿಯ ಗಣಪನನ್ನು, ನಮ್ಮ ಬೆನಪ್ಪನನ್ನು, ಕೂರಿಸಿ ಗರಿಕೆ ಸಿಕ್ಕಿಸಿದರು. ಬೆನಪ್ಪ ಕೂತ ಮೇಲೆ, ತೂರುವ ತನಕ ರಾಶಿಯನ್ನು ಕದಲಿಸುವಂತಿಲ್ಲ. ತೂರಲು ಗಾಳಿ ಬೇಕು. ಗಾಳಿ ಬರಲಿಲ್ಲ. ಬಂದವರು ಹಳಿಯನ್ನು ಹರಾಜಿನಲ್ಲಿ ಹಿಡಿದಿದ್ದ ಮಾಲೂರಿನ ಗುಜರಿ ಸಾಹೇಬರು. ಜೊತೆಗೆ ಲಾರಿ, ಜನರೇಟರ್, ಗ್ಯಾಸ್ ಕಟ್ಟರ್. ಒಂದು ಕಿಡಿ ಹುಲ್ಲಿಗೆ ಹಾರಿದರೆ ದೊಡ್ಡಮ್ಮನ ವರ್ಷದ ರಾಗಿ ಬೂದಿ.

“ಅಮ್ಮಾ, ರಾಶಿ ಸ್ವಲ್ಪ ಆ ಕಡೆ ಎಳ್ಕೊಳ್ಳಿ. ಕಿಡಿ ಹಾರುತ್ತೆ.”

“ಬೆನಪ್ಪ ಕೂತವ್ನೆ. ಎಳೆಯಕ್ಕೆ ಇದೇನು ನಿನ್ ತುಕ್ಕು ಕಬ್ಬಿಣವಾ? ಮೊದ್ಲು ಬೂಟ್ ಬಿಚ್ಚು, ಕಣದ ಮೇಲಿದ್ದೀಯ.”

ಸಾಹೇಬರು ಬಿಚ್ಚಿದರು. ಚಪ್ಪಡಿ ಕಾದಿತ್ತು, ಒಂದೊಂದೇ ಕಾಲು ಎತ್ತುತ್ತಾ ಕೇಳಿದರು: “ಗಾಳಿ ಯಾವಾಗ ಬರುತ್ತೆ ಅಮ್ಮಾ?”

“ನಿನ್ ರೈಲಿಗಿಂತ ಮುಂಚೆ ಬರುತ್ತೆ, ಕೂತ್ಕೋ.”

ಲಾರಿಯ ಮೇಲಿದ್ದ ಕೂಲಿಯವರು ಅಳುಕಿಲ್ಲದೆ ನಕ್ಕರು. ಸಾಹೇಬರು ಊಟದ ಹೊತ್ತಿನ ತನಕ ಆಕಾಶ ನೋಡಿದರು. ಎಲೆಯೊಂದೂ ಅಲ್ಲಾಡಲಿಲ್ಲ. ಕೊನೆಗೆ ಶಾಮಿಯಾನ ಅಂಗಡಿ ಇಟ್ಟಿದ್ದ ಭಾವಮೈದುನನಿಗೆ ಫೋನ್ ಮಾಡಿ, ಮದುವೆಗೆ ಕೊಡುವ ಎರಡು ದೊಡ್ಡ ಸ್ಟ್ಯಾಂಡ್ ಫ್ಯಾನುಗಳನ್ನು ಆಟೋದಲ್ಲಿ ತರಿಸಿದರು.

“ಕರೆಂಟ್ ಗಾಳಿ ನಿಮ್ ಬೆನಪ್ಪನಿಗೆ ಆಗುತ್ತಾ ಅಮ್ಮಾ?”

ದೊಡ್ಡಮ್ಮ ಧರ್ಮಶಾಸ್ತ್ರದ ಭಾರವೆಲ್ಲ ಹೊತ್ತವರಂತೆ ಯೋಚಿಸಿದರು. “ಗಾಳಿ ಗಾಳೀನೇ ಕಣಪ್ಪ,” ಎಂದು ತೀರ್ಪಿತ್ತು, ಫ್ಯಾನುಗಳಿಗೂ ಕುಂಕುಮ ಇಟ್ಟರು.

ಆಟೋದಲ್ಲಿ ಜೊತೆಗೆ ಬಂದಿದ್ದ ಶಾಮಿಯಾನದ ಹುಡುಗರು ಮದುವೆ ಮನೆಯ ರೂಢಿಯಂತೆ ಫ್ಯಾನುಗಳನ್ನು ಕೂತವರ ಕಡೆಗೆ ತಿರುಗಿಸಿ ನಿಲ್ಲಿಸಿದ್ದನ್ನು ಯಾರೂ ಗಮನಿಸಲಿಲ್ಲ. ದೊಡ್ಡಮ್ಮ ಮೊದಲ ಮೊರ ಎತ್ತಿ ಸುರಿದದ್ದೇ ತಡ, ಹೊಟ್ಟು ಪೂರಾ ಸಾಹೇಬರ ಗಡ್ಡಕ್ಕೆ.

“ಲೇ, ಕೆರೆ ಕಡೆ ತಿರುಗಿಸ್ರೋ! ನಾನೇನ್ ಮದುಮಗನಾ?”

ತಿರುಗಿಸಿದರು. ಜನರೇಟರ್ ಗುಡುಗಿತು, ಹೊಟ್ಟು ಕೆರೆಯತ್ತ ಹಾರಿತು, ಕೂಲಿಯವರೂ ಮೊರ ಹಿಡಿದರು.

ಸಂಜೆಯೊಳಗೆ ರಾಗಿಯೂ ಹುಲ್ಲೂ ಮನೆ ಸೇರಿದವು. ಮಾರನೆಯ ದಿನ ಹಳಿ ಕತ್ತರಿಸಿ ಲಾರಿಗೆ ತುಂಬಿದರು. ಕಟ್ಟೆ ಹರಾಜಿನಲ್ಲಿ ಸೇರಿರಲಿಲ್ಲ. ಅದು ಅಲ್ಲೇ ಇದೆ.